ನೆಂಟರಿಗೆ ಊರ ಉಸಾಬರಿ ಯಾಕೆ?

ಮೊನ್ನೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಒಂದು ಮಾತು ಹಾಕಿದರು. "ಪರದೇಶದಲ್ಲಿ ಗಲಾಟೆ ಆದಾಗ ನಮ್ಮವರು ಬಾಯಿ ಮುಚ್ಚಿಕೊಂಡು ಇರಬೇಕು. ದುಡಿಯೋಕೆ ಹೋದವರಿಗೆ ಊರ ಉಸಾಬರಿ ಯಾಕೆ?" ಎಲ್ಲರೂ ಕೈಮುಗಿಯುವ ಎಮೋಜಿ ಹಾಕಿದರು. ನಾನೂ ಏನೋ ಬರೆಯಲು ಶುರು ಮಾಡಿದೆ, ಉದ್ದವಾಯಿತು. ಅಲ್ಲಿ ಹಾಕಿದರೆ ಚಿಕ್ಕಪ್ಪನಿಗೆ ಬೇಜಾರು. ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ. (ಚಿಕ್ಕಪ್ಪ ಫೇಸ್‌ಬುಕ್ಕಿಗೆ ಬರುವುದಿಲ್ಲ.)

2009ರಿಂದ 2017ರವರೆಗೆ ನಾವು ಬ್ಯಾಂಕಾಕ್‌ನಲ್ಲಿದ್ದೆವು. ನಮ್ಮನೆಯವರು ನಗರದ ಹೊರಗಿನ ಒಂದು ನೂಲಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಥಾಯ್ ಭಾಷೆಯಲ್ಲಿ ಬಿಳಿಯರಿಗೆ ಫರಂಗ್ ಅನ್ನುತ್ತಾರೆ. ನಮ್ಮಂಥವರಿಗೆ ಖ್ಯಾಕ್. ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಮನೆಗೆ ಬಂದ ನೆಂಟ. ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಗೂ ಅಲ್ಲಿಯವರು ವಾಟ್ ಖ್ಯಾಕ್ ಅಂತಲೇ ಹೇಳುವುದು. ಪದ ಯಾವಾಗಲೂ ಪ್ರೀತಿಯಿಂದಲೇ ಬರುತ್ತದೆ ಅಂತೇನಿಲ್ಲ. ಹೇಳುವವರ ದನಿ ನೋಡಿಕೊಳ್ಳಬೇಕು.

ಅಲ್ಲಿದ್ದ ಎಂಟು ವರ್ಷದಲ್ಲಿ ಎರಡು ದೊಡ್ಡ ಗಲಾಟೆ ನೋಡಿದೆ. ಮೊದಲನೆಯದು 2010ರದ್ದು. ಕೆಂಪಂಗಿ ತೊಟ್ಟ ಸಾವಿರಾರು ಜನ, ಬಹುಪಾಲು ಉತ್ತರ ಮತ್ತು ಈಶಾನ್ಯದ ಹಳ್ಳಿಗಳವರು, ಏಪ್ರಿಲ್‌ನಿಂದ ರಾಚಪ್ರಸೋಂಗ್ ವೃತ್ತದಲ್ಲಿ ಕೂತರು. ಸಂಸತ್ತು ವಿಸರ್ಜಿಸಿ, ಚುನಾವಣೆ ನಡೆಸಿ ಅನ್ನುವುದು ಬೇಡಿಕೆ. ಆ ವೃತ್ತದ ಸುತ್ತ ಇರುವುದೆಲ್ಲ ದೊಡ್ಡ ಮಾಲುಗಳು, ಐಷಾರಾಮಿ ಹೋಟೆಲುಗಳು. ಮೇ 19ರಂದು ಮಿಲಿಟರಿ ನುಗ್ಗಿತು. ನಮ್ಮ ಬಾಲ್ಕನಿಯಿಂದ ಕಪ್ಪು ಹೊಗೆ ಕಾಣುತ್ತಿತ್ತು. ದಾವಣಗೆರೆಯಿಂದ ಅಮ್ಮನ ಫೋನು. "ಟಿವಿಯಲ್ಲಿ ಬರೀ ಬೆಂಕಿ ತೋರಿಸ್ತಿದಾರೆ, ಮೊದಲು ಹೊರಟು ಬಾ." ನಾನು ಅಕ್ಕಿ ಇದೆ, ಬೇಳೆ ಇದೆ, ಮಾಮಾ ನೂಡಲ್ಸ್ ಎರಡು ಡಬ್ಬ ಇದೆ ಅಂತ ಸಮಾಧಾನ ಹೇಳಿದೆ.

ಆ ಎರಡು ತಿಂಗಳಲ್ಲಿ ಸತ್ತವರು 90ಕ್ಕೂ ಹೆಚ್ಚು. ಅವರಲ್ಲಿ ಇಬ್ಬರು ವಿದೇಶಿ ಪತ್ರಕರ್ತರು. ಏಪ್ರಿಲ್ 10ರಂದು ರಾಯ್ಟರ್ಸ್‌ನ ಕ್ಯಾಮೆರಾಮನ್ ಹಿರೋ ಮುರಾಮೊಟೊ, ಮೇ 19ರಂದು ಇಟಲಿಯ ಫೋಟೊಗ್ರಾಫರ್ ಫಾಬಿಯೊ ಪೊಲೆಂಗಿ. ನಮ್ಮ ಭಾರತೀಯರ ಕೂಟದಲ್ಲಿ, ಆಫೀಸಿನ ಫರಂಗ್‌ಗಳ ನಡುವೆ, ಆಗ ಏನು ಮಾತಾಡಿದೆವು ಅಂತ ನೆನಪಿಸಿಕೊಳ್ಳುತ್ತೇನೆ. ಶಾಲೆ ಯಾವಾಗ ತೆರೆಯುತ್ತದೆ, ಸ್ಕೈಟ್ರೇನ್ ಯಾವಾಗ ಓಡುತ್ತದೆ, ಅಲ್ಲಿಯ ಹಣ ಬಾಟ್‌ನ ಬೆಲೆ ಬಿದ್ದರೆ ಊರಿಗೆ ಕಳಿಸುವ ದುಡ್ಡಿನ ಕತೆಯೇನು. ಸತ್ತವರ ಬಗ್ಗೆ ಒಂದು "ಛೆ, ಪಾಪ". ನಿಜವಾದ ದುಃಖ ಕೇಳಿಸಿದ್ದು ಸೆಂಟ್ರಲ್‌ವರ್ಲ್ಡ್ ಮಾಲ್ ಸುಟ್ಟುಹೋಗಿದ್ದಕ್ಕೆ. ಅಲ್ಲಿ ನಾವೆಲ್ಲ ಭಾನುವಾರ ಹೋಗುತ್ತಿದ್ದೆವಲ್ಲ! ಸತ್ತವರ ಊರು ನಾವು ನೋಡಿರಲಿಲ್ಲ.

ಚಿಕ್ಕಪ್ಪ ಇದನ್ನೇ ಬಾಯಿ ಮುಚ್ಚಿಕೊಂಡಿರುವುದು ಅನ್ನುತ್ತಾರೆ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ನಾವು ಯಾರ ಪರವೂ ಅಲ್ಲ, ರಸ್ತೆ ತೆರೆದರೆ ಸಾಕು. ಆದರೆ ರಸ್ತೆ ಮುಚ್ಚಿದವರು ಒಂದು ಪಕ್ಷ, ತೆರೆಸುವವರು ಇನ್ನೊಂದು ಪಕ್ಷ ಆಗಿರುವಾಗ ಅದು ನಡುವೆ ನಿಂತಂತೆ ಹೇಗಾಗುತ್ತದೆ?

ಎರಡನೆಯ ಸಲ ನಾನು ನಡುವೆ ನಿಂತ ನಾಟಕವನ್ನೂ ಆಡಲಿಲ್ಲ. ಸೀಟಿ ಊದಿದೆ.

2013ರ ನವೆಂಬರ್. ಆಗ ಪ್ರಧಾನಿ ಯಿಂಗ್ಲಕ್. ಅವರ ಸರ್ಕಾರ ಒಂದು ಕ್ಷಮಾದಾನ ಮಸೂದೆ ತಂದಿತ್ತು. ಅದು ಪಾಸಾದರೆ ದೇಶ ಬಿಟ್ಟು ಹೋಗಿದ್ದ ಅವರ ಅಣ್ಣ, ಮಾಜಿ ಪ್ರಧಾನಿ ಥಕ್ಸಿನ್, ಜೈಲಿನ ಭಯವಿಲ್ಲದೆ ವಾಪಸ್ ಬರಬಹುದಿತ್ತು. ಕೆಂಪಂಗಿಯವರು ಬಹುಪಾಲು ಥಕ್ಸಿನ್ ಪರ ಇದ್ದವರು. ಬ್ಯಾಂಕಾಕ್ ಎದ್ದು ನಿಂತಿತು. ಸುಥೆಪ್ ಥೌಗ್‌ಸುಬಾನ್ ಅನ್ನುವ ಹಳೆಯ ರಾಜಕಾರಣಿ ಮುಂದಾಳು, ಸೀಟಿ ಅವರ ಚಳವಳಿಯ ಗುರುತು. ಮಸೂದೆ ಬಿದ್ದುಹೋಯಿತು, ಚಳವಳಿ ಮಾತ್ರ ನಿಲ್ಲಲಿಲ್ಲ. 2014ರ ಜನವರಿ 13ರಿಂದ 'ಬ್ಯಾಂಕಾಕ್ ಬಂದ್'. ಅಸೋಕ್ ವೃತ್ತ, ಲುಂಪಿನಿ ಪಾರ್ಕ್, ವಿಕ್ಟರಿ ಮಾನ್ಯುಮೆಂಟ್, ಹೀಗೆ ಏಳು ಕಡೆ ರಸ್ತೆ ಕಟ್ಟಿದರು.

ಅಸೋಕ್ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಗಲಾಟೆ ಅಂದುಕೊಂಡು ಹೋದೆ, ಅಲ್ಲಿ ಜಾತ್ರೆ. ರಸ್ತೆ ನಡುವೆ ಚಾಪೆ ಹಾಸಿ ಕಾಲು ಒತ್ತುವವರು, ಸುಟ್ಟ ಮಾಂಸದ ಕಡ್ಡಿ ಮಾರುವವರು, ಟೀಶರ್ಟು, ಬಾವುಟದ ಬಣ್ಣದ ರಿಬ್ಬನ್ ಕಟ್ಟಿದ ಸೀಟಿ. ಎಲ್ಲರೂ ನಗುನಗುತ್ತಾ ಇದ್ದರು. ನಮ್ಮ ಮನೆ ಓನರಮ್ಮ ಕೊರಳಿಗೆ ಸೀಟಿ ಹಾಕಿಕೊಂಡು ಸಿಕ್ಕಿದರು, ನನಗೂ ಒಂದು ಕೊಡಿಸಿದರು. ಊದಿದೆ. ಫೋಟೊ ತೆಗೆದು ಇದೇ ಫೇಸ್‌ಬುಕ್ಕಿಗೆ ಹಾಕಿದೆ. ನೂರಕ್ಕೂ ಜಾಸ್ತಿ ಲೈಕು ಬಂತು. ಆಮೇಲೆ ಅಳಿಸಿದ್ದೇನೆ, ಹುಡುಕಬೇಡಿ.

ಓನರಮ್ಮ ಒಳ್ಳೆಯವರು. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದರು. ಭ್ರಷ್ಟಾಚಾರದ ವಿರುದ್ಧ ಹೋರಾಟ ಅಂದರು, ನಾನು ಒಪ್ಪಿದೆ. ಚುನಾವಣೆ ಈಗ ಬೇಡ, ಮೊದಲು ದೇಶ ಸರಿಮಾಡಬೇಕು ಅಂದರು, ತಲೆಯಾಡಿಸಿದೆ. ಹಳ್ಳಿಯವರಿಗೆ ಓದು ಬರಹ ಇಲ್ಲ, ದುಡ್ಡಿಗೆ ವೋಟು ಮಾರಿಕೊಳ್ಳುತ್ತಾರೆ ಅಂದರು. ಅದಕ್ಕೂ ಹೂಂ ಅಂದೆ. ಈ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟು ಸಲ ಕೇಳಿದ್ದೆನೋ, ಹೊಸದು ಅನ್ನಿಸಲೇ ಇಲ್ಲ.

ಮನೆಗೆಲಸಕ್ಕೆ ಬರುತ್ತಿದ್ದವರು ಈಶಾನ್ಯದ ಉದೋನ್ ಥಾನಿ ಕಡೆಯವರು. ಅದು ಕೆಂಪಂಗಿಯವರ ಸೀಮೆ. ನನಗಿಂತ ದೊಡ್ಡವರು, ಹಾಗಾಗಿ ಪೀ ಅಂತ ಕರೆಯುತ್ತಿದ್ದೆ. ಅಕ್ಕ, ಅಣ್ಣ ಎರಡಕ್ಕೂ ಅಲ್ಲಿ ಅದೊಂದೇ ಪದ. ನಾನು ಸೀಟಿ ಹಾಕಿಕೊಂಡು ಮನೆಗೆ ಬಂದ ದಿನ ಅವರು ಏನೂ ಅನ್ನಲಿಲ್ಲ. ಸೀಟಿಯನ್ನು ಒರೆಸಿ ಶೋಕೇಸಿನ ಮೇಲೆ ಇಟ್ಟರು.

ಜನವರಿ ಕೊನೆಯಲ್ಲಿ ಮೂರು ದಿನ ರಜೆ ಕೇಳಿದರು. ಯಾಕೆ ಅಂದೆ. ಫೆಬ್ರುವರಿ 2ಕ್ಕೆ ಚುನಾವಣೆ, ಊರಿಗೆ ಹೋಗಬೇಕು. ಬ್ಯಾಂಕಾಕ್‌ನಲ್ಲಿ ಎಷ್ಟು ವರ್ಷ ದುಡಿದರೂ ಅವರ ಹೆಸರು ಇರುವುದು ಊರಿನ ಮನೆಯ ಪಟ್ಟಿಯಲ್ಲಿ, ವೋಟೂ ಅಲ್ಲೇ. ಮೊಚಿತ್ ಬಸ್ ನಿಲ್ದಾಣದಿಂದ ರಾತ್ರಿಯಿಡೀ ಪ್ರಯಾಣ, ಸುಮಾರು 560 ಕಿಲೋಮೀಟರು. ಅವತ್ತು ಮೊದಲ ಸಲ ನಾನು ಕೂತು ಕೇಳಿದೆ. ಥಕ್ಸಿನ್ ಕಾಲದಲ್ಲಿ ಬಂದ 30 ಬಾಟ್ ಆಸ್ಪತ್ರೆ ಯೋಜನೆಯಲ್ಲಿ ಅವರ ತಾಯಿಗೆ ಆಪರೇಷನ್ ಆಗಿತ್ತಂತೆ. ಹಾಗಂತ ಸರ್ಕಾರವನ್ನು ಹೊಗಳುತ್ತಿದ್ದರು ಅಂದುಕೊಳ್ಳಬೇಡಿ. ಸರ್ಕಾರ ಹೆಚ್ಚು ಬೆಲೆಗೆ ಕೊಳ್ಳುತ್ತೇನೆ ಅಂತ ತೆಗೆದುಕೊಂಡ ಭತ್ತದ ದುಡ್ಡು ಅವರ ತಮ್ಮನಿಗೆ ಇನ್ನೂ ಬಂದಿರಲಿಲ್ಲ. ಲಕ್ಷಾಂತರ ರೈತರಿಗೆ ಬಂದಿರಲಿಲ್ಲ. ಅದಕ್ಕೆ ಚೆನ್ನಾಗಿ ಬೈದರು. ಬೈದು ವೋಟು ಹಾಕಲು ಹೊರಟರು.

ಬ್ಯಾಂಕಾಕ್‌ನ ಎಷ್ಟೋ ಕಡೆ, ದಕ್ಷಿಣದಲ್ಲಂತೂ ಇನ್ನೂ ಹೆಚ್ಚು, ಮತದಾನಕ್ಕೆ ಅಡ್ಡಿ ಆಯಿತು. ಅವರ ಊರಿನಲ್ಲಿ ಸಲೀಸಾಗಿ ನಡೆಯಿತು. ಮಾರ್ಚ್ 21ಕ್ಕೆ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು, ಒಂದೇ ದಿನ ದೇಶದ ಎಲ್ಲ ಕಡೆ ಮತದಾನ ಆಗಲಿಲ್ಲ ಅಂತ. ಸುದ್ದಿ ಬಂದಾಗ ಪೀ ಪಾತ್ರೆ ತೊಳೆಯುತ್ತಿದ್ದರು. "ನಿಮ್ಮ ದೇಶದಲ್ಲೂ ಹಾಕಿದ ವೋಟು ಅಳಿಸ್ತಾರಾ?" ಅಂತ ಕೇಳಿದರು. ನಮ್ಮಲ್ಲೂ ಒಂದೊಂದು ಕ್ಷೇತ್ರದ ಚುನಾವಣೆ ರದ್ದಾಗಿದ್ದು ಉಂಟು, ಆದರೆ ದೇಶಕ್ಕೆ ದೇಶದ್ದೇ... ನನ್ನ ಸಂತೆಯ ಥಾಯ್‌ನಲ್ಲಿ ಅಷ್ಟೆಲ್ಲ ಹೇಳಲು ಆಗಲಿಲ್ಲ. ಇಲ್ಲ ಅಂದೆ.

ಇಲ್ಲಿ ಒಂದು ಅಡ್ಡ ಮಾತು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆದರೂ ಕನ್ನಡ ಕಲಿಯದೆ ನಮ್ಮ ರಾಜಕೀಯದ ಬಗ್ಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಮಗೂ ಉರಿಯುತ್ತದೆ, ಗೊತ್ತು. ಎಂಟು ವರ್ಷ ಬ್ಯಾಂಕಾಕ್‌ನಲ್ಲಿದ್ದು ನಾನು ಒಂದು ಥಾಯ್ ಪತ್ರಿಕೆಯ ತಲೆಬರಹ ಓದಲಾರೆ. ತರಕಾರಿ ಚೌಕಾಸಿ ಮಾಡಬಲ್ಲೆ, ಟ್ಯಾಕ್ಸಿಯವರಿಗೆ ಎಡ ಬಲ ಹೇಳಬಲ್ಲೆ, ಅಷ್ಟೇ. ವೇದಿಕೆಯ ಮೇಲೆ ಗಂಟೆಗಟ್ಟಲೆ ಭಾಷಣ ಆಗುತ್ತಿತ್ತು. ಜನ ಚಪ್ಪಾಳೆ ಹೊಡೆದಾಗ ನಾನು ಸೀಟಿ ಊದುತ್ತಿದ್ದೆ. ಏನು ಹೇಳಿದರು? ನನಗೆ ಗೊತ್ತಾಗುತ್ತಿದ್ದುದು ಇಂಗ್ಲಿಷ್ ಬಲ್ಲವರು ಹೇಳಿದಷ್ಟು, ಇಂಗ್ಲಿಷ್ ಓದುವವರಿಗೆ ಅಂತ ಬರೆದ ಪತ್ರಿಕೆಯಲ್ಲಿ ಬಂದಷ್ಟು. ಆ ಊರಿನಲ್ಲಿ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದವರು ಮನೆ ಓನರು, ಮ್ಯಾನೇಜರು, ಅಂಗಡಿ ಮಾಲೀಕರು. ನಮಗೆ ಊಟ ಬಡಿಸುತ್ತಿದ್ದವರು, ಕಾರು ಓಡಿಸುತ್ತಿದ್ದವರು ಈಶಾನ್ಯದವರು. ಬಡಿಸಿದವರನ್ನು ನಾವು ಏನೂ ಕೇಳಲಿಲ್ಲ. ಕೂತವರು ಹೇಳಿದ್ದೇ ನಮ್ಮ ರಾಜಕೀಯ ಆಯಿತು.

ಮೇ 16ಕ್ಕೆ ಇಂಡಿಯಾದಲ್ಲಿ ಲೋಕಸಭೆ ಫಲಿತಾಂಶ. ಬ್ಯಾಂಕಾಕ್ ಗಡಿಯಾರ ಒಂದೂವರೆ ತಾಸು ಮುಂದೆ. ಸ್ನೇಹಿತರ ಮನೆಯಲ್ಲಿ ಬೆಳಗ್ಗೆ ಒಂಬತ್ತೂವರೆಗೇ ಟಿವಿ ಮುಂದೆ ಕೂತೆವು. ಗೆದ್ದವರ ಪರ ಇದ್ದವರೂ ಸೋತವರ ಪರ ಇದ್ದವರೂ ಕಿತ್ತಾಡಿಕೊಂಡು ಒಂದೇ ತಟ್ಟೆಯ ಮೈಸೂರ್‌ಪಾಕ್ ತಿಂದೆವು. ನಮ್ಮ ಪ್ರಜಾಪ್ರಭುತ್ವ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಹೆಮ್ಮೆ.

ಆರು ದಿನ ಕಳೆದು, 22ನೇ ತಾರೀಖು ಗುರುವಾರ ಸಂಜೆ ಐದರ ಸುಮಾರಿಗೆ ಜನರಲ್ ಪ್ರಯುತ್ ಟಿವಿಗೆ ಬಂದು ಮಿಲಿಟರಿ ಅಧಿಕಾರ ಹಿಡಿದಿದೆ ಅಂದರು. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಕರ್ಫ್ಯೂ. ಚಾನೆಲ್‌ಗಳಲ್ಲೆಲ್ಲ ಒಂದೇ ಚಿಹ್ನೆ, ದೇಶಭಕ್ತಿ ಗೀತೆ. ಅದೇ ಮೈಸೂರ್‌ಪಾಕ್ ಗುಂಪಿನಲ್ಲಿ ಮೊದಲು ಬಂದ ಮೆಸೇಜು: "ಅಬ್ಬಾ, ಕೊನೆಗೂ." ನಾನು ಹೆಬ್ಬೆರಳು ಎತ್ತಿದೆ.

ಅದನ್ನು ನೆನೆದರೆ ಈಗ ನಾಚಿಕೆ ಆಗುತ್ತದೆ. ಆದರೆ ಆ ದಿನ ಸಮಾಧಾನವಾಗಿದ್ದು ಸುಳ್ಳಲ್ಲ. ಕಟ್ಟಿದ್ದ ರಸ್ತೆ ತೆರೆಯಿತು. ಮಗಳ ಶಾಲೆ ಬಸ್ಸು ಸರಿಯಾದ ಹೊತ್ತಿಗೆ ಬಂತು. ಪ್ರವಾಸಿಗರು ಸೈನಿಕರ ಜೊತೆ ಸೆಲ್ಫಿ ತೆಗೆದುಕೊಂಡರು. 'ಜನರಿಗೆ ಸಂತೋಷ ವಾಪಸ್' ಅಂತ ಮಿಲಿಟರಿಯವರು ಬೀದಿಯಲ್ಲಿ ಬಿಟ್ಟಿ ಸಂಗೀತ, ಬಿಟ್ಟಿ ಕ್ಷೌರ ಎಲ್ಲ ಮಾಡಿದರು. ವಿಶ್ವಕಪ್ ಫುಟ್‌ಬಾಲ್‌ನ ಎಲ್ಲ ಪಂದ್ಯಗಳನ್ನೂ ಪುಕ್ಕಟೆ ತೋರಿಸುವಂತೆ ಮಾಡಿದರು. ನಮ್ಮನೆಯವರ ಆಫೀಸಿನ ಒಬ್ಬ ಫರಂಗ್ ಅಂತೂ ಇಂಥ ಸರ್ಕಾರ ನಮ್ಮ ದೇಶಕ್ಕೂ ಬರಲಿ ಅಂದನಂತೆ. ಬರಲಿ, ನೀನು ಅಲ್ಲಿಗೆ ವಾಪಸ್ ಹೋಗು ಅಂತ ಇವರು ಅನ್ನಬೇಕಿತ್ತು. ಅನ್ನಲಿಲ್ಲ.

ವಿದೇಶಿಯರು ಅಂದರೆ ನಾವು, ಕಾಂಡೋದಲ್ಲಿರುವವರು ಮಾತ್ರ ಅಂತ ನಾನು ತಿಳಿದಿದ್ದೆ. ನಮ್ಮ ಕಟ್ಟಡದ ಪಕ್ಕದಲ್ಲಿ ಇನ್ನೊಂದು ಮಹಡಿ ಏಳುತ್ತಿತ್ತು. ಕೆಲಸದವರು ಕಾಂಬೋಡಿಯಾದವರು. ಹಿಂದೆ ತಗಡಿನ ಶೆಡ್‌ಗಳಲ್ಲಿ ಸಂಸಾರ. ಜೂನ್‌ನಲ್ಲಿ ಹೊಸ ಆಡಳಿತದವರು ಪತ್ರವಿಲ್ಲದ ಕೂಲಿಗಳನ್ನು ಹಿಡಿಯುತ್ತೇವೆ ಅಂದರು. ಗಾಳಿಸುದ್ದಿ ಹಬ್ಬಿತು. ಕೆಲವೇ ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರು ಪೊಯ್‌ಪೆಟ್ ಗಡಿ ಕಡೆಗೆ ಲಾರಿಗಳಲ್ಲಿ ನಿಂತುಕೊಂಡು ಓಡಿದರು. ನಮ್ಮ ಪಕ್ಕದ ಕ್ರೇನು ಒಂದು ಬೆಳಗ್ಗೆ ತಿರುಗಲಿಲ್ಲ. ಶೆಡ್‌ನ ಹೊರಗೆ ತಂತಿಯ ಮೇಲೆ ಮಕ್ಕಳ ಬಟ್ಟೆ ಹಾಗೇ ಇತ್ತು, ಮಳೆಯಲ್ಲಿ ನೆನೆಯುತ್ತಾ. ಅವರೂ ಚಿಕ್ಕಪ್ಪ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡೇ ಇದ್ದವರು. ಯಾವ ಬಣ್ಣದ ಅಂಗಿಯನ್ನೂ ತೊಟ್ಟಿರಲಿಲ್ಲ.

ಬಾಯಿ ತೆರೆದವರ ಕತೆಯೂ ಹೇಳಿಬಿಡುತ್ತೇನೆ. ಸತೀಶ್ ಸೆಹಗಲ್ ಅನ್ನುವವರು ಭಾರತದ ಪ್ರಜೆ, ದಶಕಗಳಿಂದ ಅಲ್ಲೇ ನೆಲೆಸಿದ್ದ ಉದ್ಯಮಿ, ಥಾಯ್-ಭಾರತೀಯ ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಸುಥೆಪ್ ಚಳವಳಿಯಲ್ಲಿ ಬಹಿರಂಗವಾಗಿ ಮುಂದೆ ನಿಂತರು. ತುರ್ತುಸ್ಥಿತಿ ಕಾನೂನು ಮುರಿದರು ಅಂತ 2014ರ ಫೆಬ್ರುವರಿಯಲ್ಲಿ ಸರ್ಕಾರ ಅವರನ್ನು ಗಡೀಪಾರು ಮಾಡಲು ಹೊರಟಿತು. ನಮ್ಮ ಕೂಟದಲ್ಲಿ ವಾರವಿಡೀ ಅದೇ ಮಾತು. ಅರ್ಧ ಜನ "ಇವರಿಗ್ಯಾಕೆ ಬೇಕಿತ್ತು" ಅಂದರು, ಅರ್ಧ ಜನ "ಅಷ್ಟು ವರ್ಷ ಇದ್ದವರು ಇನ್ನೂ ಹೊರಗಿನವರಾ" ಅಂದರು. 2010ರಲ್ಲಿ ಕೆಂಪಂಗಿಯವರ ಜೊತೆ ಸೇರಿದ್ದ ಒಬ್ಬ ಆಸ್ಟ್ರೇಲಿಯನ್, ಒಬ್ಬ ಬ್ರಿಟಿಷ್ ಜೈಲು ಕಂಡಾಗ ಈ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಸುಥೆಪ್ ಚಳವಳಿ ನನಗೆ ಇಷ್ಟವೋ ಇಲ್ಲವೋ ಬೇರೆ ಮಾತು. ಸೆಹಗಲ್ ಕನಿಷ್ಠ ತಮ್ಮ ಹೆಸರು ಹೇಳಿ ನಿಂತರು. ನಾನು ಸುರಕ್ಷಿತವಾದ ಕಡೆ ನಿಂತು ಸೀಟಿ ಊದಿ, ಆಮೇಲೆ ಫೋಟೊ ಅಳಿಸಿದೆ.

ವೀಸಾ ಭಯ ಸುಳ್ಳಲ್ಲ ಬಿಡಿ. 90 ದಿನಕ್ಕೊಮ್ಮೆ ಇಮಿಗ್ರೇಶನ್‌ಗೆ ವಿಳಾಸ ಒಪ್ಪಿಸಬೇಕು. ರಾಜಮನೆತನದ ಬಗ್ಗೆ ತಪ್ಪು ಮಾತಾಡಿದರೆ ದಂಡ ಸಂಹಿತೆಯ 112ನೇ ಕಲಮು, 3ರಿಂದ 15 ವರ್ಷ ಜೈಲು. 2007ರಲ್ಲಿ ಸ್ವಿಸ್ ಪ್ರಜೆಯೊಬ್ಬರಿಗೆ 10 ವರ್ಷ ಶಿಕ್ಷೆ ಆಗಿ, ರಾಜರ ಕ್ಷಮೆ ಸಿಕ್ಕಿ, ದೇಶ ಬಿಟ್ಟು ಹೋಗಬೇಕಾಯಿತು. ಹಾಗಾಗಿ ಎಲ್ಲರೂ ಬೀದಿಗಿಳಿಯಿರಿ ಅಂತ ನಾನು ಹೇಳುತ್ತಿಲ್ಲ ಚಿಕ್ಕಪ್ಪ. ಸುಮ್ಮನಿರಿ, ಬೇಕಾದರೆ. ಸುಮ್ಮನಿದ್ದೇವೆ ಅಂದುಕೊಂಡು ಒಳಗೊಳಗೇ ಯಾರ ಪರ ಇದ್ದೇವೆ, ಯಾಕೆ ಇದ್ದೇವೆ ಅನ್ನುವುದಾದರೂ ಗೊತ್ತಿರಲಿ. ನನಗೆ ಗೊತ್ತಿರಲಿಲ್ಲ.

2017ರಲ್ಲಿ ಮೈಸೂರಿಗೆ ವಾಪಸ್ ಬಂದೆವು. ಪೀ ಈಗ ಊರಲ್ಲೇ ಇದ್ದಾರೆ. ಲೈನ್ ಆ್ಯಪ್‌ನಲ್ಲಿ ಆಗಾಗ ಮಾತು. ನಾನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆದು ಫೋನಿನಿಂದ ಥಾಯ್ ಮಾಡಿಸಿ ಕಳಿಸುತ್ತೇನೆ. ಅಲ್ಲಿಂದ ಏನು ಹೋಗುತ್ತದೋ ದೇವರೇ ಬಲ್ಲ. 2023ರ ಮೇ 10ಕ್ಕೆ ನಮ್ಮ ವಿಧಾನಸಭೆ ಚುನಾವಣೆ ಆಯಿತಲ್ಲ, ಬೆರಳಿನ ಶಾಯಿಯ ಫೋಟೊ ಕಳಿಸಿದೆ. ಗಾಯ ಆಯಿತಾ ಅಂತ ಕೇಳಿದರು, ಅಲ್ಲಿ ಶಾಯಿ ಹಚ್ಚುವುದಿಲ್ಲ. ನಾಲ್ಕು ದಿನಕ್ಕೆ, 14ರಂದು, ಅವರ ಚುನಾವಣೆ. ಮತಗಟ್ಟೆಯ ಮುಂದೆ ನಿಂತ ಫೋಟೊ ಬಂತು. ಯಾರಿಗೆ ಹಾಕಿದಿರಿ ಅಂತ ನಾನು ಕೇಳಲಿಲ್ಲ.

ಅಲ್ಲಿ ಹೆಚ್ಚು ಸೀಟು ಗೆದ್ದದ್ದು ಹೊಸಬರ ಪಕ್ಷ. ಜುಲೈನಲ್ಲಿ ಅವರ ನಾಯಕ ಪ್ರಧಾನಿ ಆಗಲು ಹೊರಟಾಗ, ಮಿಲಿಟರಿ ಆಡಳಿತ ನೇಮಿಸಿದ್ದ 250 ಜನರ ಸೆನೆಟ್, ಅಂದರೆ ಮೇಲ್ಮನೆ, ಅಡ್ಡ ಬಂತು. ಅವತ್ತು ರಾತ್ರಿ ಪೀ ಮೆಸೇಜು ಮಾಡಿದ್ದರು. "ನಿಮ್ಮಲ್ಲಿ ಗೆದ್ದವರು ಸರ್ಕಾರ ಮಾಡಿದ್ರಾ?"

ಮಾಡಿದರು, ಒಂದು ವಾರದಲ್ಲೇ ಅಂತ ಬರೆದೆ. ಬರೆದ ಮೇಲೆ ಇನ್ನೇನಾದರೂ ಸೇರಿಸಬೇಕು ಅನ್ನಿಸಿತು. ತುಂಬಾ ಹೊತ್ತು ಫೋನು ಹಿಡಿದುಕೊಂಡೇ ಕೂತಿದ್ದೆ. ಅಷ್ಟರಲ್ಲಿ ಅವರ ಕಡೆಯಿಂದ ಒಂದು ಸ್ಟಿಕರ್ ಬಂತು, ಕೈಮುಗಿಯುವ ಆನೆಮರಿ.