ಭಾನುವಾರ ಗಾಲ್ಫಿಗೆ ರಜ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಮೈದಾನ ಅಂದರೆ ಗಾಲ್ಫಿನವರಿಗೆ ಕಾಶಿ. ಅಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಊರವರು ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. ಅಲ್ಲೇ ಓದುತ್ತಿರುವ ಮಗಳಿಗೆ ಬಿಡುವಿದ್ದದ್ದೂ ಭಾನುವಾರವೇ. ಟಿವಿ ನೋಡಿಯೇ ಗಾಲ್ಫ್ ಪಂಡಿತರಾದ ನಮ್ಮವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಆಡಿ ತೋರಿಸಿ ಅನ್ನುವವರು ಯಾರೂ ಇರಲಿಲ್ಲವಲ್ಲ!

ನನ್ನ ಕಣ್ಣಿಗೆ ಅದು ಅಪ್ಪಟ ಗೋಮಾಳ. ಮರವಿಲ್ಲ, ನೆರಳಿಲ್ಲ. ಮರಳು ನೆಲದ ಮೇಲೆ ಗಿಡ್ಡ ಹುಲ್ಲು, ಪಕ್ಕದಲ್ಲಿ ಸಮುದ್ರ. ಹಾಗಂದಿದ್ದಕ್ಕೆ ನಮ್ಮವರ ಮುಖ ಗಂಟಾಯಿತು. ಮಗಳು ಮಾತ್ರ ನನ್ನ ಪರ. 1552ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ಮೊಲ ಸಾಕುವ ಹಕ್ಕು ತಮಗಿಟ್ಟುಕೊಂಡು, ಗಾಲ್ಫ್ ಆಡುವ, ದನಕುರಿ ಮೇಯಿಸುವ ಹಕ್ಕು ಊರವರದು ಅಂತ ಒಪ್ಪಿಕೊಂಡಿದ್ದರಂತೆ. 1797ರಲ್ಲಿ ಊರಾಡಳಿತ ಸಾಲ ತೀರಿಸಲಾಗದೆ ಜಾಗವನ್ನೇ ಮಾರಿತು. ಆಮೇಲೆ ಬಂದ ವ್ಯಾಪಾರಿಗಳು ಮೊಲ ಬಿಟ್ಟರು. ಅವು ಬಿಲ ತೋಡೋದು, ಆಟಗಾರರು ಅಟ್ಟಿಸಿಕೊಂಡು ಹೋಗೋದು, ಜಗಳ, ಕೋರ್ಟು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಗಾಲ್ಫ್ ಪ್ರಿಯ ಜಮೀನುದಾರ ಕೊಂಡ ಮೇಲೆ ತಣ್ಣಗಾಯಿತು. ಮೊಲಗಳ ಕಡೆಯ ವಾದ ಯಾರೂ ಬರೆದಿಟ್ಟಿಲ್ಲ, ಪಾಪ.

ಕೋರ್ಸಿನ ತುಂಬ 112 ಬಂಕರುಗಳು. ಅಂದರೆ ಚೆಂಡು ನುಂಗುವ ಮರಳುಗುಂಡಿಗಳು. ಹದಿನಾಲ್ಕನೇ ಹೋಲಿನಲ್ಲಿ (ಚೆಂಡನ್ನು ಒಂದು ಕುಳಿಗೆ ಸೇರಿಸುವ ಒಂದೊಂದು ಹಂತವೂ ಒಂದು ಹೋಲ್) ಇರುವುದರ ಹೆಸರೇ 'ಹೆಲ್', ನರಕ. 1995ರಲ್ಲಿ ಗಾಲ್ಫ್ ದಿಗ್ಗಜ ಜಾಕ್ ನಿಕ್ಲಾಸ್‌ನಂಥ ಜಾಕ್ ನಿಕ್ಲಾಸ್ ಅದರಲ್ಲಿ ಸಿಕ್ಕಿಕೊಂಡು ಆ ಒಂದು ಹೋಲಿಗೆ ಹತ್ತು ಹೊಡೆತ ತೆತ್ತ. ಹದಿನೇಳನೆಯದರ 'ರೋಡ್' ಬಂಕರ್ ಚಿಕ್ಕದು, ಆದರೆ ಮಹಾ ಕಿಲಾಡಿ. ಅದರ ಗೋಡೆಯನ್ನು ಹುಲ್ಲಿನ ಹೆಂಟೆ ಒಂದರ ಮೇಲೊಂದು ಪೇರಿಸಿ ಕಟ್ಟಿದ್ದಾರೆ. 1978ರ ಗಾಲ್ಫಿನ ದೊಡ್ಡ ಪಂದ್ಯಾವಳಿ ಬ್ರಿಟಿಷ್ ಓಪನ್‌ನಲ್ಲಿ ಜಪಾನಿನ ಆಟಗಾರ ನಕಜಿಮಾ, ಕುಳಿಯ ಸುತ್ತಲಿನ ನುಣುಪು ಹುಲ್ಲು ಅಂದರೆ ಗ್ರೀನ್ ಮೇಲೇ ಇದ್ದ ಚೆಂಡನ್ನು ಮೆಲ್ಲಗೆ ತಳ್ಳಿದ. ಅದು ಉರುಳಿ ಉರುಳಿ ಬಂಕರಿಗೆ ಬಿತ್ತು. ಹೊರಗೆ ತೆಗೆಯಲು ಒದ್ದಾಡಿ, ಆ ಹೋಲ್ ಮುಗಿಯುವಷ್ಟರಲ್ಲಿ ಒಂಬತ್ತು ಹೊಡೆತ.

ಇದನ್ನೆಲ್ಲ ನಮ್ಮವರು ಅದೇ ಬಂಕರಿನ ಅಂಚಿನಲ್ಲಿ ನಿಂತು ವಿವರಿಸುತ್ತಿದ್ದರು. ಫೋಟೋಗೆ ಅಂತ ಮಂಕಿ ಕ್ಯಾಪ್ ತೆಗೆದದ್ದೇ ತಡ, ಗಾಳಿ ಕಿತ್ತುಕೊಂಡು ಸೀದಾ ಒಳಗೆ ಹಾಕಿತು. ಬಂಕರಿಗೆ ಇಳಿಯಕೂಡದು ಅಂತ ಮಗಳ ಕಟ್ಟಪ್ಪಣೆ. ಸರಿ, ಹೊಟ್ಟೆ ಅಡಿಯಾಗಿ ಮಲಗಿ ಕೊಡೆಯ ಹಿಡಿಕೆ ಇಳಿಬಿಟ್ಟರು. ಟೋಪಿ ಅರ್ಧ ಗೋಡೆ ಹತ್ತೋದು, ಜಾರೋದು, ಮತ್ತೆ ಹತ್ತೋದು. "ಅಪ್ಪ, ನಕಜಿಮಾ ಲೆಕ್ಕ ದಾಟಿತು" ಅಂದಳು ಮಗಳು.

ಅಷ್ಟರಲ್ಲಿ ಯಾರದೋ ಕಂದು ನಾಯಿ ಒಳಗೆ ಹಾರಿ, ಟೋಪಿ ಕಚ್ಚಿ, ಒಂದೇ ನೆಗೆತಕ್ಕೆ ಹೊರಗೆ ಬಂತು. ಬಂದದ್ದು ನಮ್ಮ ಕಡೆಗಲ್ಲ, ಓಡಿದ್ದು ಸ್ವಿಲ್ಕನ್ ಸೇತುವೆಗೆ. 2005ರಲ್ಲಿ ನಿಕ್ಲಾಸ್ ಕೈಬೀಸಿ ವಿದಾಯ ಹೇಳಿದ್ದು ಅದೇ ಪುಟ್ಟ ಕಲ್ಲು ಸೇತುವೆ ಮೇಲೆ. ಫೋಟೋಗೆ ಸಾಲು ನಿಂತಿದ್ದವರು ನಾಯಿಗೇ ಜಾಗ ಬಿಟ್ಟು ಕ್ಯಾಮೆರಾ ಎತ್ತಿದರು. ನಮ್ಮವರ ಸರದಿ ಬರುವಷ್ಟರಲ್ಲಿ ಮಳೆ ಶುರುವಾಯಿತು.