ಶ್ನೌಜರ್ ಮರಿಯ ಬಣ್ಣಕ್ಕೆ ದುಪ್ಪಟ್ಟು ದುಡ್ಡು ಕೊಡುವ ಮೊದಲು

ಮಿನಿಯೇಚರ್ ಶ್ನೌಜರ್ ಎಂಬ ಗಡ್ಡದ ಪುಟ್ಟ ನಾಯಿತಳಿಯ ಮರಿಗಳ ಜಾಹೀರಾತು ಈಗ ಕಾರವಾರ, ಕುಮಟಾ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿದೆ. ಮೊದಲೆಲ್ಲ ‘ಪೇಪರ್ ಇದೆ, ವ್ಯಾಕ್ಸಿನ್ ಆಗಿದೆ’ ಎಂದು ಬರೆಯುತ್ತಿದ್ದರು. ಈಗ ‘ಚಾಕ್ಲೇಟ್’, ‘ಬ್ಲೂ’ (ನೀಲಿ ಛಾಯೆಯ ಬೂದು), ‘ಮರ್ಲ್’ (ಮಸುಕು ಮೈಮೇಲೆ ಕಡು ಮಚ್ಚೆ), ‘ಪಾರ್ಟಿ’ (ಬಿಳಿ ಮೈಮೇಲೆ ಬಣ್ಣದ ತೇಪೆ) ಎಂಬ ಹೆಸರು ಮೊದಲು ಬರುತ್ತದೆ, ಅದರ ಪಕ್ಕದಲ್ಲೇ ಹೆಚ್ಚಿದ ದರ. ಈ ತಳಿಯ ಬಣ್ಣ ದೊಡ್ಡ ರಹಸ್ಯವೇನಲ್ಲ. ತಂದೆ ತಾಯಿಯ ಜೀನ್ ರಿಪೋರ್ಟ್ ಕೈಯಲ್ಲಿದ್ದರೆ ಯಾವ ಬಣ್ಣದ ಮರಿ ಹುಟ್ಟಬಹುದು, ಯಾವುದು ಹುಟ್ಟಲು ಸಾಧ್ಯವೇ ಇಲ್ಲ ಎಂದು ಕಾಗದದ ಮೇಲೆ ಬರೆದುಕೊಡಬಹುದು. ಇಷ್ಟು ಸುಲಭವಾಗಿ ಸಿಗುವ ಸಂಗತಿಗೆ ಹೆಚ್ಚು ಬೆಲೆ ಕಟ್ಟಬಾರದು, ಬಣ್ಣವನ್ನೇ ಮುಂದಿಟ್ಟುಕೊಂಡು ಜೋಡಿ ಮಾಡಲೂಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಮೆರಿಕದ ನಾಯಿತಳಿ ಸಂಸ್ಥೆ ಎಕೆಸಿಯ (ಅಮೆರಿಕನ್ ಕೆನಲ್ ಕ್ಲಬ್) ಮಾನದಂಡ ಒಪ್ಪುವ ಬಣ್ಣ ಮೂರು: ಸಾಲ್ಟ್ ಅಂಡ್ ಪೆಪ್ಪರ್ (ಉಪ್ಪು ಮೆಣಸು ಬೆರೆತಂಥ ಬೂದು), ಬ್ಲ್ಯಾಕ್ ಅಂಡ್ ಸಿಲ್ವರ್ (ಕಪ್ಪು ಮೈ, ಬೆಳ್ಳಗಿನ ಗುರುತು), ಪೂರ್ತಿ ಕಪ್ಪು. ಅಂತಾರಾಷ್ಟ್ರೀಯ ನಾಯಿತಳಿ ಸಂಸ್ಥೆ ಎಫ್‌ಸಿಐ ಈ ಮೂರರ ಜೊತೆಗೆ ಬಿಳಿಯನ್ನೂ ಒಪ್ಪುತ್ತದೆ, ಎಕೆಸಿ ಶೋದಲ್ಲಿ ಬಿಳಿ ನಾಯಿ ಅನರ್ಹ. ಚಾಕ್ಲೇಟ್, ಬ್ಲೂ, ಮರ್ಲ್, ಪಾರ್ಟಿ ಎರಡೂ ಪಟ್ಟಿಯಲ್ಲಿ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಮುಖ್ಯವಾಗಿ ಮೂರು ಜೀನ್‌ಗಳನ್ನು ನೋಡಬೇಕು, ಲ್ಯಾಬ್ ರಿಪೋರ್ಟಿನಲ್ಲಿ ಅವು ಇ, ಕೆ, ಎ ಎಂಬ ಅಕ್ಷರಗಳಲ್ಲಿ ಬರುತ್ತವೆ. ಪ್ರತಿಯೊಂದರಲ್ಲೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ (ಕಾಪಿ). ಓದುವಾಗ ಈ ಕ್ರಮ ತಪ್ಪಬಾರದು. ಮೊದಲು ಇ: ಎರಡೂ ಪ್ರತಿ ರಿಸೆಸಿವ್ (ಜೋಡಿಯಾದಾಗ ಮಾತ್ರ ಹೊರಗೆ ಕಾಣುವಂಥದ್ದು) ಆದರೆ ಕೂದಲಿನಲ್ಲಿ ಕಪ್ಪು ಬಣ್ಣ ಬರುವುದೇ ಇಲ್ಲ, ಈ ತಳಿಯಲ್ಲಿ ಅದು ಬಿಳಿಯಾಗಿ ಕಾಣುತ್ತದೆ. ಮೂಗು, ಕಣ್ಣು ಮಾತ್ರ ಕಪ್ಪಾಗಿಯೇ ಇರುತ್ತವೆ. ಮುಂದಿನ ಎರಡು ಜೀನ್ ಏನೇ ಹೇಳಲಿ, ನಾಯಿ ಬಿಳಿಯೇ. ಇ ಸರಿಯಿದ್ದರೆ ಕೆ ನೋಡಬೇಕು: ಇಲ್ಲಿ ಡಾಮಿನೆಂಟ್ (ಒಂದಿದ್ದರೂ ಮೇಲುಗೈ ಸಾಧಿಸುವ) ಕಪ್ಪಿನ ಒಂದೇ ಒಂದು ಪ್ರತಿ ಇದ್ದರೂ ನಾಯಿ ಪೂರ್ತಿ ಕಪ್ಪು. ಕಪ್ಪಿನ ಪ್ರತಿ ಇಲ್ಲದಿದ್ದಾಗ ಮಾತ್ರ ಎ ಮಾತಾಡುತ್ತದೆ: ಪೆಪ್ಪರ್ ಪ್ರತಿ ಒಂದಿದ್ದರೂ ಸಾಲ್ಟ್ ಅಂಡ್ ಪೆಪ್ಪರ್, ಎರಡೂ ಸಿಲ್ವರ್ ಪ್ರತಿಯಾದರೆ ಬ್ಲ್ಯಾಕ್ ಅಂಡ್ ಸಿಲ್ವರ್.

ಎರಡು ಸಾಲ್ಟ್ ಅಂಡ್ ಪೆಪ್ಪರ್ ನಾಯಿಗಳು ಒಳಗೊಳಗೆ ಸಿಲ್ವರ್ ಪ್ರತಿ ಇಟ್ಟುಕೊಂಡಿದ್ದರೆ ನಾಲ್ಕರಲ್ಲೊಂದು ಮರಿ ಬ್ಲ್ಯಾಕ್ ಅಂಡ್ ಸಿಲ್ವರ್ ಆಗಬಹುದು. ಎರಡು ಬ್ಲ್ಯಾಕ್ ಅಂಡ್ ಸಿಲ್ವರ್ ಕೂಡಿಸಿದರೆ ಸಾಲ್ಟ್ ಅಂಡ್ ಪೆಪ್ಪರ್ ಹುಟ್ಟುವುದಿಲ್ಲ, ಕಪ್ಪೂ ಹುಟ್ಟುವುದಿಲ್ಲ. ಹುಟ್ಟಿತು ಎಂದು ಯಾರಾದರೂ ಹೇಳಿದರೆ ಹೆಣ್ಣು ಇನ್ನೊಂದು ಗಂಡಿಗೂ ಕೂಡಿರಬೇಕು, ಇಲ್ಲವೇ ತಂದೆ ತಾಯಿಯ ಬಣ್ಣವನ್ನೇ ತಪ್ಪಾಗಿ ಗುರುತಿಸಿರಬೇಕು. ಕಪ್ಪು ನಾಯಿಯದು ಮಾತ್ರ ತುಸು ಗೊಂದಲ, ಏಕೆಂದರೆ ಅದರ ಎ ಜೀನ್ ಹೊರಗೆ ಕಾಣುವುದೇ ಇಲ್ಲ. ಕಪ್ಪಿನ ಒಂದು ಪ್ರತಿ, ಅಡಿಯಲ್ಲಿ ಒಂದು ಪೆಪ್ಪರ್ ಮತ್ತೊಂದು ಸಿಲ್ವರ್ ಇರುವ ಗಂಡನ್ನು ಬ್ಲ್ಯಾಕ್ ಅಂಡ್ ಸಿಲ್ವರ್ ಹೆಣ್ಣಿಗೆ ಕ್ರಾಸ್ ಮಾಡಿಸಿದರೆ ಒಂದೇ ಸೂಲಿನಲ್ಲಿ ಮೂರೂ ಬಣ್ಣ ಬರಬಹುದು: ಅರ್ಧ ಕಪ್ಪು, ಕಾಲು ಭಾಗ ಸಾಲ್ಟ್ ಅಂಡ್ ಪೆಪ್ಪರ್, ಕಾಲು ಭಾಗ ಬ್ಲ್ಯಾಕ್ ಅಂಡ್ ಸಿಲ್ವರ್. ಇದರಲ್ಲಿ ಮೋಸ ಏನೂ ಇಲ್ಲ.

ಈ ಅರ್ಧ, ಕಾಲು ಎಂಬುದೆಲ್ಲ ಪ್ರತಿ ಮರಿಗೂ ಬೇರೆಬೇರೆಯಾಗಿ ಅನ್ವಯಿಸುವ ಸಂಭವ. ಸೂಲಿಗೆ ಇಷ್ಟು ಎಂದು ಹಂಚಿಟ್ಟಿರುವುದಿಲ್ಲ. ಬಿಳಿಯ ಒಂದೊಂದು ಪ್ರತಿ ಹೊತ್ತ ಜೋಡಿಗೆ ನಾಲ್ಕು ಮರಿ ಹುಟ್ಟಿದರೆ ಅದರಲ್ಲಿ ಒಂದೂ ಬಿಳಿ ಇಲ್ಲದಿರುವ ಸಾಧ್ಯತೆ ಸುಮಾರು ಶೇ. 32. ‘ಹೋದ ಸಲ ಬಿಳಿ ಬಂದಿಲ್ಲ, ಹಾಗಾಗಿ ನಮ್ಮ ನಾಯಿಯಲ್ಲಿ ಬಿಳಿ ಜೀನ್ ಇಲ್ಲ’ ಎನ್ನುವ ಮಾತಿಗೆ ಅದಕ್ಕೇ ಅರ್ಥವಿಲ್ಲ. ಕೆನ್ನೆಯ ಒಳಬದಿಗೆ ಬ್ರಷ್ ಉಜ್ಜಿ ತೆಗೆದ ಸ್ಯಾಂಪಲ್ ಸಾಕು, ಲ್ಯಾಬಿನಲ್ಲಿ ಗೊತ್ತಾಗುತ್ತದೆ. ಸ್ಯಾಂಪಲ್ ತೆಗೆಯುವ ಮೊದಲು ನಾಯಿಗೆ ಸ್ವಲ್ಪ ಹೊತ್ತು ಏನೂ ತಿನ್ನಿಸಬೇಡಿ. ಹಾಲು ಕುಡಿಯುವ ಮರಿಯಾದರೆ ತಾಯಿಯಿಂದ ಬೇರೆ ಇಟ್ಟು ತೆಗೆಯಿರಿ, ಇಲ್ಲದಿದ್ದರೆ ತಾಯಿಯ ಜೀವಕೋಶ ಬೆರೆತು ರಿಪೋರ್ಟ್ ಕೆಡುತ್ತದೆ.

ಲ್ಯಾಬಿಗೆ ಕಳಿಸುವ ಮೊದಲೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಬೆನ್ನಿನ ಮೇಲಿನ ಒರಟು ಕೂದಲು ನಾಲ್ಕೈದು ಎಳೆ ಕಿತ್ತು ಬಿಳಿ ಕಾಗದದ ಮೇಲೆ, ಆಮೇಲೆ ಕಪ್ಪು ಬಟ್ಟೆಯ ಮೇಲೆ ಇಟ್ಟು ಬೆಳಕಿನಲ್ಲಿ ನೋಡಿ. ಒಂದೇ ಎಳೆಯಲ್ಲಿ ಕಪ್ಪು, ಬಿಳಿ, ಮತ್ತೆ ಕಪ್ಪು ಪಟ್ಟೆ ಕಂಡರೆ ಅದು ಸಾಲ್ಟ್ ಅಂಡ್ ಪೆಪ್ಪರ್. ಬೆನ್ನಿನ ಎಳೆ ಬುಡದಿಂದ ತುದಿಯವರೆಗೆ ಕಪ್ಪಾಗಿದ್ದು ಹುಬ್ಬು, ಗಡ್ಡ, ಎದೆ, ಕಾಲು, ಬಾಲದಡಿ ಮಾತ್ರ ಬೆಳ್ಳಗಿದ್ದರೆ ಬ್ಲ್ಯಾಕ್ ಅಂಡ್ ಸಿಲ್ವರ್. ಮೇಲಿನ ಕೂದಲನ್ನು ಸರಿಸಿ ಚರ್ಮದ ಹತ್ತಿರದ ಮೆತ್ತನೆಯ ಒಳಕೂದಲನ್ನೂ ನೋಡಿ: ಬ್ಲ್ಯಾಕ್ ಅಂಡ್ ಸಿಲ್ವರ್‌ನಲ್ಲಿ ಅದು ಕಪ್ಪಾಗಿರಬೇಕು, ಸಾಲ್ಟ್ ಅಂಡ್ ಪೆಪ್ಪರ್‌ನಲ್ಲಿ ಬೂದು. ಎಳೆ ಮರಿಗಳಲ್ಲಿ ಇದು ಕಷ್ಟ. ಸಾಲ್ಟ್ ಅಂಡ್ ಪೆಪ್ಪರ್ ಮರಿ ಹುಟ್ಟುವಾಗ ತೀರ ಕಪ್ಪಾಗಿ, ಕೆಲವೊಮ್ಮೆ ಕಂದು ಛಾಯೆಯಲ್ಲಿರುತ್ತದೆ, ಬೆಳೆಯುತ್ತ ತಿಳಿಯಾಗುತ್ತದೆ. ಕಂದು ಛಾಯೆ ನೋಡಿ ‘ಚಾಕ್ಲೇಟ್’ ಎಂದು ಮಾರುವವರೂ ಇದ್ದಾರೆ. ನಿಜವಾದ ಚಾಕ್ಲೇಟ್ ನಾಯಿಯ ಮೂಗು, ತುಟಿ, ಪಾದದ ಗದ್ದುಗೆ ಎಲ್ಲವೂ ಕಂದು. ಮೂಗು ಕಪ್ಪಾಗಿದ್ದರೆ ಅದು ಚಾಕ್ಲೇಟ್ ಅಲ್ಲ, ಅಲ್ಲಿಗೆ ಮಾತು ಮುಗಿಯಿತು.

ಮಷಿನ್ ಹಾಕಿ ಕೂದಲು ಕತ್ತರಿಸಿದ ನಾಯಿಯ ಬಣ್ಣವನ್ನು ನಂಬಬೇಡಿ. ಕ್ಲಿಪ್ಪರ್ ಪಟ್ಟೆಯ ತುದಿಯನ್ನು ತೆಗೆದುಬಿಡುತ್ತದೆ, ಬೂದು ಒಳಕೂದಲು ಮೇಲಕ್ಕೆ ಕಾಣುತ್ತದೆ, ಮತ್ತೆ ಮತ್ತೆ ಹೀಗೆ ಮಾಡಿದರೆ ಕೂದಲೇ ಮೆತ್ತಗಾಗುತ್ತದೆ. ಒಳ್ಳೆಯ ಸಾಲ್ಟ್ ಅಂಡ್ ಪೆಪ್ಪರ್ ಕೂಡ ತೊಳೆದ ಬೂದಿ ಬಣ್ಣಕ್ಕೆ ತಿರುಗುವುದು ಹೀಗೆ. ತಳಿಗೆ ಬಳಸುವ ನಾಯಿಯ ಬಣ್ಣ ತಿಳಿಯಬೇಕಾದರೆ ಸ್ಟ್ರಿಪ್ಪಿಂಗ್ ಮಾಡಿಸಬೇಕು: ಹಣ್ಣಾದ ಕೂದಲನ್ನು ಬೆಳೆದ ದಿಕ್ಕಿನಲ್ಲೇ, ಇನ್ನೊಂದು ಕೈಯಲ್ಲಿ ಚರ್ಮ ಹಿಡಿದುಕೊಂಡು, ಒಂದು ಸಲಕ್ಕೆ ಕೆಲವೇ ಎಳೆ ಕೀಳುವುದು. ಮೆಲ್ಲಗೆ ಎಳೆದರೆ ಬರದ ಕೂದಲು ಇನ್ನೂ ಹಣ್ಣಾಗಿಲ್ಲ, ಅದನ್ನು ಬಿಟ್ಟುಬಿಡಿ. ಎರಡು ಎರಡೂವರೆ ತಿಂಗಳಲ್ಲಿ ಬರುವ ಹೊಸ ಒರಟು ಕೂದಲಿನಲ್ಲಿ ಅಸಲಿ ಬಣ್ಣ ಕಾಣುತ್ತದೆ. ಮನೆಯಲ್ಲಿ ಮುದ್ದಿಗೆ ಸಾಕಿದ ನಾಯಿಗೆ ನಮ್ಮ ಕಡೆಯ ಮಳೆಗಾಲದಲ್ಲಿ ಕ್ಲಿಪ್ಪರ್ ಹಾಕುವುದೇ ಅನುಕೂಲ, ಅದನ್ನು ತಪ್ಪೆನ್ನಲಾರೆ. ಗಡ್ಡ ಕೆಂಪಾಗುವುದೂ ಜೀನ್ ಅಲ್ಲ. ಜೊಲ್ಲು, ಸದಾ ಒದ್ದೆ, ಅಲ್ಲಿ ಬೆಳೆಯುವ ಯೀಸ್ಟ್. ಊಟವಾದ ಮೇಲೆ ಒರೆಸಿ ಒಣಗಿಸಿದರೆ ಕಡಿಮೆಯಾಗುತ್ತದೆ. ಕರಾವಳಿಯ ಬಿಸಿಲಿಗೆ ಕಪ್ಪು ಕೂದಲು ತುದಿಯಲ್ಲಿ ಕೆಂಪಗಾಗುವುದೂ ಹೀಗೆಯೇ, ಹೊರಗಿನ ಕಾರಣ.

‘ಅಪರೂಪ’ದ ಬಣ್ಣಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಮರ್ಲ್. ಅದು ಈ ತಳಿಯ ಮೂಲ ಜೀನ್ ಅಲ್ಲ, ಮರ್ಲ್ ಶ್ನೌಜರ್ ಎಂದರೆ ಹಿಂದೆ ಎಲ್ಲೋ ಬೇರೆ ತಳಿ ಬೆರೆತಿದೆ ಎಂದೇ ತಿಳಿಯಬೇಕು. ಎರಡು ಮರ್ಲ್ ಕೂಡಿಸಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಪ್ರತಿ ಬರುತ್ತದೆ, ಅಂಥ ಮರಿಗಳಲ್ಲಿ ಕಿವುಡು ಮತ್ತು ಕಣ್ಣಿನ ದೋಷ ಹೆಚ್ಚು. ಮರ್ಲ್ ಕೆಲಸ ಮಾಡುವುದು ಕಪ್ಪು ಬಣ್ಣದ ಮೇಲೆ. ಬಿಳಿ ಶ್ನೌಜರ್‌ನ ಕೂದಲಿನಲ್ಲಿ ಕಪ್ಪೇ ಇಲ್ಲದ್ದರಿಂದ ಅದು ಮರ್ಲ್ ಹೊತ್ತಿದ್ದರೂ ಹೊರಗೆ ಕಾಣುವುದಿಲ್ಲ. ಮರ್ಲ್ ಬೆರೆತ ಮನೆತನದ ಬಿಳಿ ನಾಯಿಯನ್ನು ಪರೀಕ್ಷೆಯಿಲ್ಲದೆ ಮರ್ಲ್ ನಾಯಿಗೆ ಕೂಡಿಸಿದರೆ ಅದೇ ಅಪಾಯವನ್ನು ಕಣ್ಣುಮುಚ್ಚಿ ಕರೆದಂತೆ. ಬ್ಲೂ ಬಣ್ಣದ ನಾಯಿಗಳಲ್ಲಿ ಇನ್ನೊಂದು ತೊಂದರೆ: ಬಣ್ಣ ತಿಳಿಯಾಗಿಸುವ ಈ ಜೀನ್ ಇರುವ ಹಲವು ತಳಿಗಳಲ್ಲಿ ಕೂದಲು ಉದುರಿ, ಚರ್ಮ ಒಣಗಿ ಹೊಪ್ಪಳೆ ಏಳುವ, ಪದೇ ಪದೇ ಸೋಂಕಾಗುವ ಕಾಯಿಲೆ ಕಾಣಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರು, ಪೂರ್ತಿ ಗುಣವಾಗುವ ಮದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ನಮ್ಮೂರಲ್ಲಿ ಅಂಥ ಚರ್ಮದ ನಾಯಿ ಪಡುವ ಪಾಡನ್ನು ಮಾರುವವರು ಹೇಳುವುದಿಲ್ಲ. ಪಾರ್ಟಿ, ಚಾಕ್ಲೇಟ್ ಇಷ್ಟು ಅಪಾಯಕಾರಿಯಲ್ಲ. ಆದರೆ ಆ ಬಣ್ಣ ಬೇಕೆಂದು ಒಂದೇ ಗಂಡಿನ ಮಕ್ಕಳು ಮೊಮ್ಮಕ್ಕಳನ್ನೇ ಸುತ್ತಿ ಸುತ್ತಿ ಕೂಡಿಸುವುದು ಅಪಾಯ. ಅಪ್ಪ ಮಗಳು ಅಥವಾ ಅಣ್ಣ ತಂಗಿ ಕೂಡಿದರೆ ಒಳಸಂಬಂಧದ ಪ್ರಮಾಣ ಶೇ. 25, ಒಬ್ಬನೇ ತಂದೆಯ ಬೇರೆ ತಾಯಿಯ ಮಕ್ಕಳಾದರೆ ಶೇ. 12.5. ಅಡಗಿದ ರೋಗದ ಜೀನ್‌ಗಳು ಜೋಡಿಯಾಗುವುದು ಅಲ್ಲೇ.

ಆ ರೋಗಗಳ ಪಟ್ಟಿ ಈ ತಳಿಯಲ್ಲಿ ಚಿಕ್ಕದಲ್ಲ. ಸ್ನಾಯು ಬಿಗಿಯುವ ಮಯೋಟೋನಿಯಾ, ಏವಿಯನ್ ಮೈಕೋಬ್ಯಾಕ್ಟೀರಿಯಾಕ್ಕೆ (ಕ್ಷಯದ ರೋಗಾಣುವಿನ ಜಾತಿಯದು) ದೇಹ ಸೋಲುವ ದೋಷ, ದೃಷ್ಟಿ ಕುಂದಿಸುವ ಪಿಆರ್‌ಎ ಎಂಬ ಅಕ್ಷಿಪಟಲದ ಕಾಯಿಲೆಯ ಒಂದು ಬಗೆ, ಇವಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಬಣ್ಣದ ಪರೀಕ್ಷೆಗೆ ಕಳಿಸುವ ಸ್ಯಾಂಪಲ್‌ನಲ್ಲೇ ಇವನ್ನೂ ಮಾಡಿಸಬಹುದು. ರಿಸೆಸಿವ್ ರೋಗದ ಒಂದು ಪ್ರತಿ ಹೊತ್ತ ನಾಯಿಯನ್ನು ಆ ಪ್ರತಿಯೇ ಇಲ್ಲದ ಕ್ಲಿಯರ್ ನಾಯಿಗೆ ಕೂಡಿಸಿದರೆ ರೋಗಿ ಮರಿ ಹುಟ್ಟುವುದಿಲ್ಲ, ಅದಕ್ಕಾಗಿ ಒಳ್ಳೆಯ ನಾಯಿಯನ್ನು ತಳಿಯಿಂದ ಹೊರಗಿಡಬೇಕಿಲ್ಲ. ಜೀನ್ ಪರೀಕ್ಷೆಯಲ್ಲಿ ಸಿಗದವು ಇನ್ನೂ ಮುಖ್ಯ: ರಕ್ತದಲ್ಲಿ ಕೊಬ್ಬು ಏರುವುದು, ಮೇದೋಜೀರಕ ಗ್ರಂಥಿಯ ಉರಿಯೂತ, ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಈ ಕಲ್ಲು ಆಹಾರ ಬದಲಿಸಿದರೆ ಕರಗುವಂಥದ್ದಲ್ಲ. ಹನ್ನೆರಡು ಗಂಟೆ ಉಪವಾಸವಿಟ್ಟು ರಕ್ತದ ಕೊಬ್ಬು (ಟ್ರೈಗ್ಲಿಸರೈಡ್) ನೋಡಿಸಿ, ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಎಣ್ಣೆಯಲ್ಲಿ ಹುರಿದ ಬಂಗಡೆ, ತುಪ್ಪದ ಅನ್ನ, ಕೊಬ್ಬರಿ ಮಸಾಲೆಯ ಉಳಿಕೆ ಈ ತಳಿಗೆ ಹಾಕಲೇಬಾರದು.

ತಿಂಗಳನ್ನೂ ನೋಡಿ ಕ್ರಾಸ್ ಮಾಡಿಸಿ. ಗರ್ಭ ಸುಮಾರು 63 ದಿನ. ಏಪ್ರಿಲ್ ನಡುವೆ ಕೂಡಿಸಿದರೆ ಮರಿ ಬೀಳುವುದು ಜೂನ್ ನಡುವೆ, ಜಡಿಮಳೆಯಲ್ಲಿ. ಕರೆಂಟ್ ಇರುವುದಿಲ್ಲ, ಹಾಸಿದ ಬಟ್ಟೆ ಒಣಗುವುದಿಲ್ಲ. ಮೊದಲ ವಾರ ಮರಿಯ ಪೆಟ್ಟಿಗೆ 29ರಿಂದ 32 ಡಿಗ್ರಿ ಬೆಚ್ಚಗಿರಬೇಕು, ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಅಕ್ಟೋಬರ್ ನಡುವೆ ಕೂಡಿಸಿದರೆ ಡಿಸೆಂಬರ್‌ನಲ್ಲಿ ಮರಿ, ಫೆಬ್ರವರಿಯಲ್ಲಿ ಹೊಸ ಮನೆ. ಒಣಹವೆಯಲ್ಲಿ ಉಣುಗಿನ ಕಾಟ ಹೆಚ್ಚು, ಅದನ್ನು ಮರೆಯಬೇಡಿ. ಗಡ್ಡದಡಿ, ಬೆರಳ ಸಂದು, ಕಿವಿಯೊಳಗೆ, ಕಂಕುಳಲ್ಲಿ ದಿನಾ ಕೈಯಾಡಿಸಿ. ಕಪ್ಪು ನಾಯಿಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಸಿದ್ದಾಪುರ, ಹೊನ್ನಾವರ ಕಡೆಯ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿದ್ದರೆ ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಂಚಿಗೆ ಬಿಡಬೇಡಿ.

ಕಾನೂನೂ ಇದೆ. 2017ರ ಕೇಂದ್ರ ನಿಯಮದಂತೆ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, 12 ತಿಂಗಳಿಗೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮೈಕ್ರೋಚಿಪ್ ಬೇಕು. ಬಾಲ, ಕಿವಿ ಕತ್ತರಿಸುವಂತಿಲ್ಲ.

ಮರಿ ಕೊಳ್ಳುವವರು ದರ ಕೇಳುವ ಮೊದಲು ಕೇಳಬೇಕಾದದ್ದು: ತಂದೆ ತಾಯಿಯ ರೋಗ ಪರೀಕ್ಷೆಯ ರಿಪೋರ್ಟ್, ಚಿಪ್ ನಂಬರ್, ಮೂರು ತಲೆಮಾರಿನ ವಂಶಪಟ್ಟಿ, ಆಮೇಲೆ ಬಣ್ಣದ ರಿಪೋರ್ಟ್. ಮೊದಲ ಮೂರು ಇಲ್ಲದೆ ಕೊನೆಯದೊಂದನ್ನೇ ತೋರಿಸಿದರೆ ಎದ್ದು ಬನ್ನಿ. ನಮ್ಮ ಜಿಲ್ಲೆಯಲ್ಲಿ ಈ ತಳಿ ಸಾಕಿ ಮರಿ ಹಾಕಿಸುವವರು ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಯಲ್ಲಾಪುರದಲ್ಲಿ ಚದುರಿದ್ದಾರೆ. ನಿಮ್ಮ ನಾಯಿಯ ರೋಗ ಮತ್ತು ಬಣ್ಣದ ರಿಪೋರ್ಟನ್ನು ಪರಸ್ಪರ ಹಂಚಿಕೊಳ್ಳಿ. ಒಂದೇ ಗಂಡಿನ ಮಕ್ಕಳು ಎಷ್ಟು ಮನೆಯಲ್ಲಿವೆ ಎಂದು ಮಳೆ ನಿಲ್ಲುವುದರೊಳಗೆ ಪಟ್ಟಿ ಮಾಡಿಕೊಂಡರೆ ಅಕ್ಟೋಬರ್‌ನಲ್ಲಿ ಹೀಟ್‌ಗೆ (ಬೆದೆಗೆ) ಬರುವ ಹೆಣ್ಣಿಗೆ ಸಂಬಂಧವಿಲ್ಲದ ಗಂಡನ್ನು ಹುಡುಕಲು ಸಮಯ ಸಿಗುತ್ತದೆ.