ನಿದ್ದೆಗೂ ಕ್ಯಾಲೊರಿಗೂ ಕೈಗೆ ಬ್ಯಾಂಡ್ ಬೇಕೇ?

ಪರ: ಬರೆದಿಟ್ಟರೆ ತಾನೇ ತಿಳಿಯುವುದು

ರಾತ್ರಿ ಎಷ್ಟು ಹೊತ್ತು ನಿದ್ದೆ ಬರುತ್ತದೆ ಎಂದು ವೈದ್ಯರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ‘ಪರವಾಗಿಲ್ಲ, ಬರುತ್ತದೆ’ ಎನ್ನುವಷ್ಟಕ್ಕೆ ನಿಲ್ಲುತ್ತದೆ. ರಕ್ತದೊತ್ತಡಕ್ಕೆ ಅಂಕಿ ಇದೆ, ಸಕ್ಕರೆ ಕಾಯಿಲೆಗೆ ಅಂಕಿ ಇದೆ. ದಿನದ ಮೂರನೇ ಒಂದು ಭಾಗ ನುಂಗುವ ನಿದ್ದೆಗೆ ಮಾತ್ರ ಬಾಯಿಮಾತಿನ ಅಂದಾಜು. ಫಿಟ್‌ನೆಸ್ ಬ್ಯಾಂಡ್ ಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಏರಿ ಇಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ನಾಡಿಯ ಲೆಕ್ಕ ಸಿಗುತ್ತದೆ. ಕೈ ಅಲುಗಿದ್ದನ್ನು ಇನ್ನೊಂದು ಸಂವೇದಕ ಗುರುತಿಸುತ್ತದೆ. ಇವೆರಡನ್ನೂ ಸೇರಿಸಿ, ಮಲಗಿದ್ದು ಯಾವಾಗ, ಎದ್ದದ್ದು ಯಾವಾಗ, ನಡುವೆ ಎಷ್ಟು ಸಲ ಎಚ್ಚರವಾಯಿತು ಎಂದು ಅದು ಲೆಕ್ಕ ಹಾಕುತ್ತದೆ. ಸ್ಮಾರ್ಟ್‌ಫೋನ್ ಬರುವ ಮೊದಲೇ ನಿದ್ರಾ ತಜ್ಞರು ರೋಗಿಗಳ ಕೈಗೆ ಅಲುಗಾಟ ಗುರುತಿಸುವ ಸಾಧನ ಕಟ್ಟಿ ದಿನಗಟ್ಟಲೆ ದಾಖಲೆ ತೆಗೆಯುತ್ತಿದ್ದರು. ಆಕ್ಟಿಗ್ರಫಿ ಎನ್ನುವ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ.

ನನ್ನ ತಂಗಿ ಶಿವಮೊಗ್ಗದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾಳೆ. ಏಳು ಗಂಟೆ ಮಲಗಿದೆ ಎಂದೇ ಅವಳು ಹೇಳುತ್ತಿದ್ದಳು, ಸಂಜೆಯ ತಲೆನೋವಿಗೆ ಬಿಸಿಲನ್ನು ದೂರುತ್ತಿದ್ದಳು. ಬ್ಯಾಂಡ್ ಕಟ್ಟಿದ ಮೇಲೆ ಆ ಏಳು ಗಂಟೆ ತುಂಡು ತುಂಡಾಗಿರುವುದು ಕಂಡಿತು. ಕೊರಿಯರ್‌ನವರು ಗಂಟೆ ಒತ್ತಿದಾಗ ಒಂದು ತುಂಡು, ಕುಕ್ಕರ್ ಕೂಗಿದಾಗ ಇನ್ನೊಂದು, ಮಕ್ಕಳು ಶಾಲೆಯಿಂದ ಬಂದಾಗ ಮತ್ತೊಂದು. ಈಗ ಅವಳ ಹಾಸಿಗೆ ಹಿಂದಿನ ಕೋಣೆಗೆ ಹೋಗಿದೆ, ಮಧ್ಯಾಹ್ನ ಕರೆಗಂಟೆ ಬಂದ್. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುವುದನ್ನು ಅವಳು ಪಾಠದಲ್ಲೇ ಓದಿದವಳು. ಆದರೂ ಮನೆಯವರನ್ನು ಒಪ್ಪಿಸಿದ್ದು ಮೊಬೈಲಿನಲ್ಲಿ ಮೂಡಿದ ಆ ನಕ್ಷೆ.

ಮಲೆನಾಡಿನಲ್ಲಿ ನಿದ್ದೆ ಕೆಡಲು ನೆಪ ಬೇಕಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿದು ಏಳುವಾಗ ನಡುರಾತ್ರಿ, ಯಕ್ಷಗಾನದ ಆಟವಿದ್ದರೆ ಬೆಳಗು. ಒಂದು ರಾತ್ರಿಯದನ್ನು ನಾವು ಮರೆಯುತ್ತೇವೆ. ತಿಂಗಳಿನದು ಒಟ್ಟಿಗೆ ಕಂಡಾಗ ತಿದ್ದಿಕೊಳ್ಳಬೇಕೆನಿಸುತ್ತದೆ.

ಕ್ಯಾಲೊರಿಯ ಅಂಕಿ ಕರಾರುವಾಕ್ಕಾಗಿಲ್ಲ, ಒಪ್ಪುತ್ತೇನೆ. ಹತ್ತು ನಿಮಿಷ ಮುಂದೆ ಓಡುವ ಗೋಡೆ ಗಡಿಯಾರ ನೋಡಿಕೊಂಡೇ ನಾವು ಬಸ್ ಹಿಡಿಯುವುದಿಲ್ಲವೇ? ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ತಿಳಿದರೆ ನನಗೆ ಸಾಕು. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಮನೆಯೊಳಗೇ ಕುಳಿತಾಗ ಆ ಗೆರೆ ನೆಲಕ್ಕಿಳಿಯುತ್ತದೆ. ಅದನ್ನು ಕಂಡು ನಮ್ಮಪ್ಪ ಜಗಲಿಯ ಉದ್ದಕ್ಕೂ ನಡೆಯಲು ಶುರು ಮಾಡಿದರು, ಯಾರೂ ಹೇಳದೆ.

ವಿರೋಧ: ದುಡಿಮೆ ಗೊತ್ತಿಲ್ಲದ ಲೆಕ್ಕ

ಮೆಟ್ಟುಗತ್ತಿಯ ಮುಂದೆ ಮಣೆ ಹಾಕಿ ಕುಳಿತು ಅಡಿಕೆ ಸುಲಿಯುವವರ ಕೈಯನ್ನು ಗಮನಿಸಿ. ಕಾಯಿಯನ್ನು ಕತ್ತಿಯ ಬಾಯಿಗೆ ಒತ್ತುತ್ತಾರೆ, ಮಣಿಕಟ್ಟು ತಿರುಗುತ್ತದೆ, ಸಿಪ್ಪೆ ಬಿಚ್ಚಿ ಅಡಿಕೆ ಡಬ್ಬಕ್ಕೆ ಬೀಳುತ್ತದೆ. ಗಂಟೆಗಟ್ಟಲೆ ಇದೇ ಲಯ. ಆ ಕೈಗೆ ಬ್ಯಾಂಡ್ ಕಟ್ಟಿದರೆ ಕುಳಿತವರನ್ನೇ ಅದು ನಡೆದವರೆಂದು ಎಣಿಸಬಹುದು. ಅದೇ ತೋಟದಲ್ಲಿ ಒಬ್ಬಳು ಹಸಿ ಅಡಿಕೆಯ ಮೂಟೆ ಹೊತ್ತು, ಒಂದು ಕೈಯಿಂದ ಅದನ್ನು ಹಿಡಿದುಕೊಂಡು ದರೆ ಹತ್ತುತ್ತಾಳೆ. ಹಿಡಿದ ಕೈ ಬೀಸುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತದೆ. ನಾಡಿ ಏರಿದ್ದು ಬ್ಯಾಂಡಿಗೆ ತಿಳಿದೀತು, ತಲೆಯ ಮೇಲಿನ ಭಾರ ತಿಳಿಯದು.

ಆದ್ದರಿಂದ ಗೋಡೆ ಗಡಿಯಾರದ ಮಾತನ್ನು ನಾನು ಒಪ್ಪಲಾರೆ. ಗಡಿಯಾರ ದಿನವೂ ಅದೇ ಹತ್ತು ನಿಮಿಷ ಮುಂದಿರುತ್ತದೆ. ಬ್ಯಾಂಡಿನ ತಪ್ಪು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ನಿನ್ನೆ ಸುಲಿತ, ಇಂದು ಹೊರೆ ಎಂದಾದರೆ ಹೋಲಿಸುವುದು ಯಾವುದನ್ನು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 7 ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದರು. 6 ಸಾಧನಗಳು ನಾಡಿಯನ್ನು ಶೇ 5ರೊಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಸರಿಯಾಗಿದ್ದದ್ದೂ ಸರಾಸರಿ ಶೇ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93ರಷ್ಟು. ಟ್ರೆಡ್‌ಮಿಲ್, ಸೈಕಲ್‌ಗಳ ಮೇಲೆಯೇ ಈ ಪಾಡು.

ಇನ್ನೊಂದು ಗೊಂದಲವಿದೆ. ಬ್ಯಾಂಡ್ ತೋರಿಸುವ ದಿನದ ಮೊತ್ತದಲ್ಲಿ, ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮೈ ಬಿಸಿಗೆ ಖರ್ಚಾಗುವ ಶಕ್ತಿಯೂ ಸಾಮಾನ್ಯವಾಗಿ ಸೇರಿರುತ್ತದೆ. ದೊಡ್ಡ ಪಾಲು ಅದೇ. ಅಷ್ಟನ್ನೂ ನಡಿಗೆಯ ಗಳಿಕೆ ಎಂದು ತಿಳಿದು ಇನ್ನೆರಡು ಕಡುಬು ಹಾಕಿಸಿಕೊಂಡರೆ ತೂಕ ಇಳಿಯುವುದು ಹೇಗೆ? ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬ್ಯಾಂಡ್ ತೊಟ್ಟವರು ಸರಾಸರಿ 3.5 ಕಿಲೊ ಇಳಿದರೆ, ತೊಡದೆ ತಮ್ಮ ಚಟುವಟಿಕೆಯನ್ನು ತಾವೇ ದಾಖಲಿಸಿದವರು 5.9 ಕಿಲೊ ಇಳಿದರು.

ನಿದ್ದೆಯ ಲೆಕ್ಕ ನನಗೆ ಇನ್ನೂ ಆತಂಕ ತರುತ್ತದೆ. ಗಾಢ ನಿದ್ದೆ ಯಾವುದು, ಕನಸಿನ ನಿದ್ದೆ ಯಾವುದು ಎಂದು ಖಚಿತವಾಗಿ ಹೇಳಲು ಪ್ರಯೋಗಾಲಯದಲ್ಲಿ ತಲೆಗೆ, ಕಣ್ಣಿನ ಬಳಿ, ಗದ್ದಕ್ಕೆ ತಂತಿ ಅಂಟಿಸುತ್ತಾರೆ. ಮಿದುಳಿನ ಅಲೆಯೇ ಸಿಗದ ಮಣಿಕಟ್ಟಿನಿಂದ ಬರುವ ‘ಗಾಢ ನಿದ್ದೆ 48 ನಿಮಿಷ’ ಎಂಬುದು ಊಹೆ. ಕಣ್ಣು ಬಿಟ್ಟುಕೊಂಡು ಅಲುಗದೆ ಮಲಗಿದವರನ್ನೂ ಅದು ಎಷ್ಟೋ ಸಲ ನಿದ್ದೆಯ ಖಾತೆಗೆ ಸೇರಿಸುತ್ತದೆ. ಅಂಕಿ ಹೆಚ್ಚಿಸಿಕೊಳ್ಳಲು ಹಾಸಿಗೆಯಲ್ಲೇ ಉಳಿದು ನಿದ್ದೆ ಕೆಡಿಸಿಕೊಂಡ ರೋಗಿಗಳನ್ನು ಕಂಡ ಅಮೆರಿಕದ ತಜ್ಞರು 2017ರಲ್ಲಿ ಈ ಗೀಳನ್ನು ಆರ್ಥೊಸೊಮ್ನಿಯಾ ಎಂದು ಕರೆದರು. ನಮ್ಮ ಭಾವ ಹಾಗಾಗುತ್ತಿದ್ದಾರೆ. ಹಾಡು ಗುನುಗುತ್ತಾ ಎದ್ದವರು ಮೊಬೈಲ್ ನೋಡಿದ ಕೂಡಲೇ ಮುಖ ಬಾಡಿಸಿಕೊಂಡು, ದೋಸೆಯ ಮುಂದೆ ಆಕಳಿಸುತ್ತಾ ಕೂರುತ್ತಾರೆ.

ತಂಗಿಯ ಹಾಸಿಗೆ ಹಿಂದಿನ ಕೋಣೆಗೆ ಹೋದದ್ದು ಒಳ್ಳೆಯದೇ ಆಯಿತು. ಅದಕ್ಕೆ ಅವಳ ತಲೆನೋವಿನ ಮಾತೇ ಸಾಕಾಗಬೇಕಿತ್ತು ಎಂಬುದು ನನ್ನ ಬೇಸರ. ನನ್ನ ಹೆಚ್ಚಿನ ಭಯ ಗೊರಕೆಯ ನಡುವೆ ಉಸಿರು ಕಟ್ಟುವವರ ಬಗ್ಗೆ. ಬ್ಯಾಂಡಿನ ಸ್ಕೋರ್ ಚೆನ್ನಾಗಿದೆ ಎಂದು ಅವರು ಸುಮ್ಮನಾಗಬಾರದು. ತಜ್ಞರನ್ನು ಕಾಣಬೇಕು, ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಬೇಕು. ಉಸಿರು ನಿಂತದ್ದನ್ನು, ಮತ್ತೆ ಬೆಚ್ಚಿ ಎಳೆದುಕೊಂಡದ್ದನ್ನು ಕಣ್ಣಾರೆ ಕಂಡವರು ಅವರು.